ಗುಂಪು ಚರ್ಚೆಯಿಂದ ಪಾಠ ಮಾಡುವುದು ಹೇಗೆ? ಐವತ್ತು ಮಕ್ಕಳ ತರಗತಿಗೆ ಒಂದು ಸಮಗ್ರ ಮಾರ್ಗದರ್ಶಿ

"ಆರಾರು ಜನ ಗುಂಪಾಗಿ ಕೂತು ಚರ್ಚೆ ಮಾಡಿ" ಅಂತ ಹೇಳಿದ ಮಾತ್ರಕ್ಕೆ ಚರ್ಚೆ ಆಗುವುದಿಲ್ಲ. ಆ ಆರು ಜನರಲ್ಲಿ ಚೆನ್ನಾಗಿ ಓದುವ ಒಬ್ಬಳು ಉತ್ತರ ಬರೆಯುತ್ತಾಳೆ, ಇಬ್ಬರು ಅವಳ ನೋಟ್‌ಬುಕ್ ನೋಡಿ ಇಳಿಸಿಕೊಳ್ಳುತ್ತಾರೆ, ಉಳಿದ ಮೂವರು ಬೇರೆ ಏನೋ ಮಾತಾಡುತ್ತಿರುತ್ತಾರೆ. ಅಷ್ಟರಲ್ಲಿ ಪಕ್ಕದ ತರಗತಿಯವರು ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಇದನ್ನು ಒಂದೆರಡು ಸಲ ಕಂಡ ಮೇಲೆ ಎಷ್ಟೋ ಶಿಕ್ಷಕರು "ಇದೆಲ್ಲ ಇಪ್ಪತ್ತು ಮಕ್ಕಳಿರುವ ಶಾಲೆಗೆ ಸರಿ, ನಮಗಾಗಲ್ಲ" ಅಂತ ಬೋರ್ಡಿನ ಕಡೆ ತಿರುಗಿಬಿಡುತ್ತಾರೆ.

ಆಗುತ್ತದೆ. ಬೆಂಚು ಕದಲಿಸಲು ಜಾಗವಿಲ್ಲದ ಕೋಣೆಯಲ್ಲಿ, 40 ನಿಮಿಷದ ಪಿರಿಯಡ್‌ನಲ್ಲಿ, 48 ಮಕ್ಕಳ ಜೊತೆಗೂ ಆಗುತ್ತದೆ. ಆದರೆ ಅದಕ್ಕೆ ಒಂದು ಷರತ್ತಿದೆ: ಮಾತು ಶುರುವಾಗುವ ಮುಂಚೆಯೇ ಪ್ರತಿ ಮಗುವಿನ ಕೈಯಲ್ಲೂ ತನ್ನದೇ ಆದ ಏನೋ ಒಂದು ಇರಬೇಕು. ಒಂದು ಸಾಲಿನ ಉತ್ತರವೋ, ಮನೆಯಿಂದ ಕೇಳಿಕೊಂಡು ಬಂದ ಮಾಹಿತಿಯೋ, ಬೇರೆಯವರ ಹತ್ತಿರ ಇಲ್ಲದ ಒಂದು ಹಾಳೆಯೋ. ಅದು ಇದ್ದರೆ ಚರ್ಚೆ ತಾನಾಗಿ ನಡೆಯುತ್ತದೆ. ಇಲ್ಲದಿದ್ದರೆ ನೀವು ಎಷ್ಟು ಓಡಾಡಿದರೂ ನಡೆಯುವುದಿಲ್ಲ. ಈ ಮಾರ್ಗದರ್ಶಿ ಪೂರ್ತಿ ಇರುವುದು ಆ ಒಂದು ಕೆಲಸ ಮಾಡುವ ಬಗ್ಗೆಯೇ.

ಇಲ್ಲಿ ಹೇಳುತ್ತಿರುವುದು ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ಮಾಡುವ ಗ್ರೂಪ್ ಡಿಸ್ಕಷನ್ ಬಗ್ಗೆ ಅಲ್ಲ. ಅಲ್ಲಿ ಉದ್ದೇಶ ಆಯ್ಕೆ, ಆದ್ದರಿಂದ ಮಾತಲ್ಲಿ ಮುಂದೆ ನುಗ್ಗಿದವರಿಗೆ ಲಾಭ. ತರಗತಿಯಲ್ಲಿ ಉದ್ದೇಶ ಕಲಿಕೆ. ಇಲ್ಲಿ ಒಬ್ಬರು ಗೆಲ್ಲಬೇಕಾಗಿಲ್ಲ.

ಯಾವ ಪಾಠಕ್ಕೆ ಚರ್ಚೆ, ಯಾವುದಕ್ಕೆ ಬೇಡ

ಎಲ್ಲ ಪಾಠಕ್ಕೂ ಚರ್ಚೆ ಹೊಂದುವುದಿಲ್ಲ. ಇಂಗಾಲದ ಪರಮಾಣು ಸಂಖ್ಯೆ ಎಷ್ಟು, ಸಂವಿಧಾನ ಯಾವ ದಿನ ಜಾರಿಗೆ ಬಂತು, ಇಂಥವನ್ನು ಚರ್ಚೆ ಮಾಡಿ ಕಂಡುಹಿಡಿಯಲು ಆಗುವುದಿಲ್ಲ. ನೇರವಾಗಿ ಹೇಳಿಬಿಡಿ. ಮೊದಲ ಸಲ ಪರಿಚಯವಾಗುವ ಕಷ್ಟದ ಪರಿಕಲ್ಪನೆಯನ್ನೂ ಮೊದಲು ನೀವೇ ವಿವರಿಸಬೇಕು. ಏನೂ ಗೊತ್ತಿಲ್ಲದ ನಾಲ್ವರು ಸೇರಿದರೆ ಊಹೆ ಜಾಸ್ತಿ ಆಗುತ್ತದೆ ಅಷ್ಟೆ.

ಚರ್ಚೆ ಚೆನ್ನಾಗಿ ಹೊಂದುವುದು ಮೂರು ಕಡೆ. ಮಕ್ಕಳ ತಲೆಯಲ್ಲಿ ಆಗಲೇ ಒಂದು ತಪ್ಪು ಕಲ್ಪನೆ ಕೂತಿರುವಲ್ಲಿ (ಭಾರದ ಕಲ್ಲು ಬೇಗ ಬೀಳುತ್ತದೆ ಅನ್ನುವ ಹಾಗೆ). ಒಂದಕ್ಕಿಂತ ಹೆಚ್ಚು ನ್ಯಾಯವಾದ ಉತ್ತರ ಇರುವಲ್ಲಿ. ಮತ್ತೆ, ಕಲಿತದ್ದನ್ನು ತಮ್ಮ ಊರಿನ ಸಂಗತಿಗೆ ಹಚ್ಚಿ ನೋಡಬೇಕಾದಲ್ಲಿ. ಒಂದು ಅಧ್ಯಾಯಕ್ಕೆ ಒಂದು ಒಳ್ಳೆಯ ಚರ್ಚೆ ಸಾಕು. ದಿನಾ ಮಾಡಲು ಹೋಗಬೇಡಿ.

ಹಂತ 1: ಪ್ರಶ್ನೆ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದೇ. "ನೀರಿನ ಮಹತ್ವದ ಬಗ್ಗೆ ಚರ್ಚಿಸಿ" ಅನ್ನುವುದು ಪ್ರಶ್ನೆಯಲ್ಲ, ಪ್ರಬಂಧದ ತಲೆಬರಹ. ನೀರು ಮುಖ್ಯ ಅಂತ ಎಲ್ಲರೂ ಒಪ್ಪುತ್ತಾರೆ. ಎಲ್ಲರೂ ಒಪ್ಪುವ ವಿಷಯದಲ್ಲಿ ಮಾತಾಡಲು ಏನಿರುತ್ತದೆ?

ನಾನು ಇರುವುದು ಕೋಲಾರದ ಕಡೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಹಿಂದೆ ಕೆರೆಗಳಿಂದ ಬದುಕಿದ ಊರುಗಳು ಈಗ ಕೊಳವೆಬಾವಿಗಳಿಂದ ಬದುಕುತ್ತಿವೆ. ಎಷ್ಟೋ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುವ ಭರವಸೆ ಇಲ್ಲ. ಹಾಗಾಗಿ ಜಲ ಸಂಪನ್ಮೂಲದ ಪಾಠಕ್ಕೆ ನಾನು ಇಟ್ಟುಕೊಳ್ಳುವ ಪ್ರಶ್ನೆ ಹೀಗಿರುತ್ತದೆ: "ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುವುದನ್ನು ನೀವು ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರೆ ಒಪ್ಪುತ್ತಿದ್ದಿರಾ? ಒಪ್ಪುವುದಾದರೆ ಯಾವ ಎರಡು ಷರತ್ತು ಹಾಕುತ್ತಿದ್ದಿರಿ?"

ಈ ಪ್ರಶ್ನೆಯಲ್ಲಿ ಏನಿದೆ ನೋಡಿ. ಹೌದು ಅಥವಾ ಇಲ್ಲ ಅಂತ ಒಂದು ನಿಲುವು ತೆಗೆದುಕೊಳ್ಳಲೇಬೇಕು. ಎರಡು ಕಡೆಗೂ ನಿಜವಾದ ಕಾರಣಗಳಿವೆ. "ಎರಡು ಷರತ್ತು" ಅಂದಿದ್ದರಿಂದ ಗುಂಪು ಹತ್ತರಲ್ಲಿ ಎರಡನ್ನು ಆರಿಸಬೇಕಾಗುತ್ತದೆ, ಆರಿಸಲು ಹೋದಾಗಲೇ ಜಗಳ, ಆ ಜಗಳದಲ್ಲೇ ಪಾಠ. ಮತ್ತೆ ಉತ್ತರ ಪಠ್ಯಪುಸ್ತಕದಲ್ಲಿ ಇಲ್ಲ, ಆದರೆ ಪಠ್ಯಪುಸ್ತಕ ಓದದೆ ಉತ್ತರಿಸಲೂ ಆಗುವುದಿಲ್ಲ.

ಪ್ರಶ್ನೆ ಸರಿಯಾಗಿದೆಯೇ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಹಿಂದಿನ ದಿನ ಅದನ್ನು ಕಾಗದದ ಮೇಲೆ ಬರೆದು, ನಿಮ್ಮ ತರಗತಿಯ ಮೂರು ಬೇರೆ ಬೇರೆ ಮಕ್ಕಳು ಏನು ಹೇಳಬಹುದು ಅಂತ ಊಹಿಸಿ ಬರೆಯಿರಿ. ಮೂರೂ ಉತ್ತರ ಒಂದೇ ಆಗಿದ್ದರೆ ಪ್ರಶ್ನೆ ಬದಲಿಸಿ.

ಬೇರೆ ಜಿಲ್ಲೆಯವರಿಗೆ ಬೇರೆ ಪ್ರಶ್ನೆ ಇರುತ್ತದೆ. ಉತ್ತರ ಕನ್ನಡದವರಿಗೆ 1983ರಲ್ಲಿ ಶಿರಸಿ ಸೀಮೆಯಲ್ಲಿ ಶುರುವಾದ, ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದ ಅಪ್ಪಿಕೊ ಚಳವಳಿ ಕೈಗೆ ಸಿಗುವ ದೂರದಲ್ಲಿದೆ. ಸಾಗರದ ಕಡೆಯವರಿಗೆ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ, ಅದರಿಂದ 1974ರ ಭೂಸುಧಾರಣೆಯವರೆಗೆ ದಾರಿ. "ಗೇಣಿಗೆ ಭೂಮಿ ಉಳುತ್ತಿದ್ದವನು ಒಡೆಯನಾದಾಗ ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ?" ಅಂತ ಕೇಳಿದರೆ ಮಕ್ಕಳು ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡೇ ಬರುತ್ತಾರೆ.

ಹಂತ 2: ಕೈಗೆ ಏನಾದರೂ ಕೊಡಿ

ಮಾಹಿತಿ ಇಲ್ಲದೆ ಅಭಿಪ್ರಾಯ ಕೇಳಿದರೆ ಮಕ್ಕಳು ಟಿವಿಯಲ್ಲಿ ಕೇಳಿದ್ದನ್ನು, ಅಪ್ಪ ಹೇಳಿದ್ದನ್ನು ಹೇಳುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತುಬಿಡುತ್ತದೆ. ಆದ್ದರಿಂದ ಅರ್ಧ ಪುಟದ ಒಂದು ಹಾಳೆ ಕೊಡಿ. ಜೆರಾಕ್ಸ್ ಮಾಡಿಸಲು ಆಗದಿದ್ದರೆ ಬೋರ್ಡಿನ ಮೇಲೆ ಐದು ಸಾಲು ಬರೆಯಿರಿ. ಪಠ್ಯದ ಒಂದು ಪ್ಯಾರಾ ಗುರುತು ಹಾಕಿಸಿದರೂ ನಡೆಯುತ್ತದೆ.

ಇದಕ್ಕಿಂತ ಒಳ್ಳೆಯದು ಮನೆಯಿಂದ ಮಾಹಿತಿ ತರಿಸುವುದು. ನೀರಿನ ಪಾಠಕ್ಕೆ ಎರಡು ದಿನ ಮುಂಚೆ ಮೂರು ಪ್ರಶ್ನೆ ಬರೆಸಿ ಕಳಿಸಿ: ನಿಮ್ಮ ಮನೆಯ ಅಥವಾ ಪಕ್ಕದ ಹೊಲದ ಬೋರ್ ಎಷ್ಟು ಅಡಿ? ಯಾವ ವರ್ಷ ಹಾಕಿಸಿದ್ದು? ಆಗ ಎಷ್ಟು ಇಂಚು ನೀರು ಬಂತು, ಈಗ ಎಷ್ಟಿದೆ? ಇಷ್ಟೆ. ಓದಿನಲ್ಲಿ ಹಿಂದೆ ಇರುವ ಹುಡುಗನ ಮನೆಯಲ್ಲೂ ಇದಕ್ಕೆ ಉತ್ತರ ಇದೆ, ಕೆಲವೊಮ್ಮೆ ಅವನ ಮನೆಯಲ್ಲೇ ಜಾಸ್ತಿ ಇದೆ. ಮೂರು ಬೋರ್ ಫೇಲಾಗಿ ಸಾಲ ಮಾಡಿಕೊಂಡ ಮನೆಯ ಮಗು ಈ ಚರ್ಚೆಯಲ್ಲಿ ಸುಮ್ನೆ ಕೂರುವುದಿಲ್ಲ. ಆ ಮಗುವಿಗೆ ಅದನ್ನು ಹೇಳಲು ಮುಜುಗರ ಆಗಬಹುದು, ಅದಕ್ಕೇ ಸಾಲದ ಬಗ್ಗೆ, ಖರ್ಚಿನ ಬಗ್ಗೆ ನೇರ ಪ್ರಶ್ನೆ ಹಾಕಬೇಡಿ. ಅಡಿ ಮತ್ತು ಇಂಚು ಸಾಕು.

ಹಂತ 3: ಗುಂಪು

ನಾಲ್ಕು ಜನ. ಐದು ಅಂದರೆ ಒಬ್ಬರು ತಪ್ಪಿಸಿಕೊಳ್ಳುತ್ತಾರೆ, ಆರು ಅಂದರೆ ಎರಡು ಗುಂಪಾಗಿ ಒಡೆಯುತ್ತದೆ, ಮೂರಾದರೆ ಇಬ್ಬರು ಸೇರಿ ಒಬ್ಬರನ್ನು ಬಿಡುತ್ತಾರೆ.

ಬೆಂಚು ಎತ್ತಿಡುವ ಅಗತ್ಯವಿಲ್ಲ. ಒಂದು ಬೆಂಚು ಬಿಟ್ಟು ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಆಯಿತು. ತಿರುಗುವುದನ್ನು ಮೊದಲ ವಾರ ಎರಡು ಸಲ ಅಭ್ಯಾಸ ಮಾಡಿಸಿ. ನಗಬೇಡಿ, ಇದು ನಿಜಕ್ಕೂ ಮುಖ್ಯ. ಒಂದು ನಿಮಿಷದೊಳಗೆ ಗುಂಪಾಗಲು ಬಂದರೆ ಉಳಿದ ಮೂವತ್ತೊಂಬತ್ತು ನಿಮಿಷ ನಿಮ್ಮದು.

ಯಾರು ಯಾರ ಜೊತೆ ಅನ್ನುವುದನ್ನು ಮಕ್ಕಳಿಗೆ ಬಿಡಬೇಡಿ. ಬಿಟ್ಟರೆ ಗೆಳೆಯರು ಗೆಳೆಯರ ಜೊತೆ ಕೂರುತ್ತಾರೆ, ಅಂದರೆ ಒಂದೇ ಬೀದಿಯವರು ಒಂದೇ ಬೀದಿಯವರ ಜೊತೆ ಕೂರುತ್ತಾರೆ, ಅದರ ಹಿಂದೆ ಏನಿರುತ್ತದೆ ಅಂತ ಊರಿನ ಶಾಲೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಹಾಗಂತ ಜಾಣರನ್ನೆಲ್ಲ ಹಂಚಿ "ಇವನು ನಿಮ್ಮ ಲೀಡರ್" ಅಂತ ಕೊಡುವುದೂ ಬೇಡ. ಉಳಿದ ಮೂವರಿಗೆ ತಮ್ಮ ಸ್ಥಾನ ಏನು ಅಂತ ಅಲ್ಲೇ ತಿಳಿದುಹೋಗುತ್ತದೆ. ಒಂದರಿಂದ ಹನ್ನೆರಡರವರೆಗೆ ಎಣಿಸಿ, ಒಂದೇ ನಂಬರ್‌ನವರು ಒಂದು ಗುಂಪು, ಅವರು ಹಿಂದೆ ಮುಂದಿನ ಬೆಂಚಿನಲ್ಲಿ ಕೂರಲಿ. ಹಾಗೆ ಬಂದ ಗುಂಪನ್ನು ಒಂದು ತಿಂಗಳು ಬದಲಿಸಬೇಡಿ, ಆಮೇಲೆ ಬದಲಿಸಿ.

ಅಂದಹಾಗೆ, ಗುಂಪಲ್ಲಿ ಕೂತು ಕಲಿಯುವುದು ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿ ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಅವರು ಕಲಿತದ್ದೇ ಹಾಗೆ, ಗೆಳೆಯರ ಸಹಾಯದಿಂದ ಕಲಿಯುವ ಗುಂಪು ಅಂತಲೇ ಅಲ್ಲಿ ಇದೆ. ನಾಲ್ಕನೇ ತರಗತಿಯಲ್ಲಿ ನಾವು ಅವರನ್ನು ಸಾಲಾಗಿ ಕೂರಿಸಿ ಬಾಯಿ ಮುಚ್ಚಿಸಿದೆವು. ಹೈಸ್ಕೂಲಿಗೆ ಬಂದಾಗ ಮಾತಾಡುವುದಿಲ್ಲ ಅಂತ ದೂರುತ್ತೇವೆ.

ಹಂತ 4: ಮೊದಲು ಬರೆಯಲಿ, ಆಮೇಲೆ ಮಾತು

ಪ್ರಶ್ನೆ ಬೋರ್ಡಿನ ಮೇಲೆ ಬರೆದ ತಕ್ಷಣ "ಚರ್ಚೆ ಮಾಡಿ" ಅನ್ನಬೇಡಿ. ಮೂರು ನಿಮಿಷ ಪೂರ್ತಿ ಮೌನ. ಪ್ರತಿಯೊಬ್ಬರೂ ರಫ್ ನೋಟ್ಸ್‌ನಲ್ಲಿ ಎರಡು ಸಾಲು ಬರೆಯಬೇಕು: ನನ್ನ ಉತ್ತರ ಇದು, ಕಾರಣ ಇದು. ಕಾಗುಣಿತ ನೋಡುವುದಿಲ್ಲ, ಅಂಕ ಇಲ್ಲ, ಪಕ್ಕದವರದ್ದು ನೋಡುವಂತಿಲ್ಲ.

ಆಮೇಲೆ ಮೂರು ನಿಮಿಷ ಪಕ್ಕದವರ ಜೊತೆ ಮಾತ್ರ. ಇಬ್ಬರೇ. ಅದಾದ ಮೇಲೆ ನಾಲ್ವರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ 1981ರಲ್ಲಿ ಈ ಕ್ರಮವನ್ನು ಬರೆದಿಟ್ಟರು: ಯೋಚಿಸು, ಜೊತೆಯವರಿಗೆ ಹೇಳು, ಎಲ್ಲರ ಮುಂದೆ ಇಡು. ಸರಳ ಅನ್ನಿಸುತ್ತದೆ ಅಲ್ವಾ? ಆದರೆ ದೊಡ್ಡ ತರಗತಿಗೆ ಇದಕ್ಕಿಂತ ಉಪಯೋಗದ ಉಪಾಯ ನನಗೆ ಸಿಕ್ಕಿಲ್ಲ. ಎಲ್ಲರ ಮುಂದೆ ಬಾಯಿ ಬಿಡದ ಹುಡುಗಿ ಪಕ್ಕದ ಒಬ್ಬಳ ಹತ್ತಿರ ಹೇಳುತ್ತಾಳೆ. ಅಲ್ಲಿ "ಹೌದಲ್ವಾ" ಅನ್ನಿಸಿಕೊಂಡ ಮೇಲೆ ನಾಲ್ವರ ಮುಂದೆ ಹೇಳುವುದು ಅಷ್ಟು ಕಷ್ಟವಲ್ಲ. ಇನ್ನೊಂದು ಲೆಕ್ಕವೂ ಇದೆ. ನೀವು ಇಡೀ ತರಗತಿಗೆ ಪ್ರಶ್ನೆ ಕೇಳಿದರೆ ಒಂದು ಸಲಕ್ಕೆ ಒಬ್ಬರು ಮಾತಾಡುತ್ತಾರೆ. ಇಬ್ಬಿಬ್ಬರಾಗಿ ಮಾತಾಡಿಸಿದರೆ ಅದೇ ಕ್ಷಣದಲ್ಲಿ 24 ಮಕ್ಕಳು ಮಾತಾಡುತ್ತಿರುತ್ತಾರೆ.

ಈ ಹಂತವನ್ನು ಯಾವತ್ತೂ ಬಿಡಬೇಡಿ. ಟೈಮ್ ಇಲ್ಲ ಅಂದರೆ ಬೇರೆ ಏನಾದರೂ ಬಿಡಿ.

ಹಂತ 5: ನಾಲ್ವರ ಮಾತು, ಮತ್ತು ನಿಮ್ಮ ಮೌನ

ನಾಲ್ವರಿಗೂ ಕೆಲಸ ಹಂಚಿ. ಒಬ್ಬರು ಬರೆಯುವವರು, ಒಬ್ಬರು ಗಡಿಯಾರ ನೋಡುವವರು, ಒಬ್ಬರು ಪ್ರತಿ ಮಾತಿಗೂ "ಯಾಕೆ?" ಅಂತ ಕೇಳುವವರು. ನಾಲ್ಕನೆಯವರ ಕೆಲಸ ಇನ್ನೂ ಮಾತಾಡದವರನ್ನು ಗಮನಿಸಿ "ನೀನೇನು ಬರೆದಿದ್ದೀಯ?" ಅಂತ ಕೇಳುವುದು. ಕೊನೆಯಲ್ಲಿ ಎದ್ದು ಹೇಳುವವರು ಯಾರು ಅಂತ ಮಾತ್ರ ಮೊದಲೇ ಹೇಳಬೇಡಿ. ಅದನ್ನು ನೀವು ಆ ಗಳಿಗೆಯಲ್ಲಿ ಆರಿಸುತ್ತೀರಿ ಅಂತ ಗೊತ್ತಿದ್ದರೆ ನಾಲ್ವರೂ ಕಿವಿ ತೆರೆದಿರುತ್ತಾರೆ, ಜಾಣೆಯಾದವಳು ಉಳಿದವರಿಗೆ ತಾನೇ ಕಲಿಸುತ್ತಾಳೆ.

ಚರ್ಚೆಗೆ ಹತ್ತು ನಿಮಿಷ ಕೊಡಿ. ಜಾಸ್ತಿ ಕೊಟ್ಟರೆ ಕ್ರಿಕೆಟ್ ಬರುತ್ತದೆ.

ಈ ಹತ್ತು ನಿಮಿಷ ನೀವೇನು ಮಾಡಬೇಕು? ಓಡಾಡಿ, ಕೇಳಿಸಿಕೊಳ್ಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಗುಂಪಲ್ಲಿ ಬೇರೆ ಥರದ ಮಾತು ಬಂತು, ಯಾವ ತಪ್ಪು ಕಲ್ಪನೆ ಎರಡು ಮೂರು ಕಡೆ ಕಾಣಿಸಿತು. ಮಗು ತಲೆ ಎತ್ತಿ "ಸಾರ್, ಇದು ಸರೀನಾ?" ಅಂತ ಕೇಳಿದಾಗ ಸರಿ ತಪ್ಪು ಹೇಳಬೇಡಿ. "ಇವಳು ಏನು ಹೇಳುತ್ತಾಳೆ ಕೇಳು" ಅನ್ನಿ, ಇಲ್ಲ "ಬೇಸಿಗೆಯಲ್ಲಾದರೆ?" ಅಂತ ಇನ್ನೊಂದು ಪ್ರಶ್ನೆ ಎಸೆದು ಮುಂದೆ ಹೋಗಿ. ನೀವು ಒಂದು ಸಲ ತೀರ್ಪು ಕೊಟ್ಟರೆ ಆ ಗುಂಪಿನ ಮಾತು ಅಲ್ಲಿಗೆ ನಿಂತಿತು ಅಂತಲೇ ಅರ್ಥ.

ಸುಮ್ಮನಿರುವುದು ನಮಗೆ ತುಂಬಾ ಕಷ್ಟ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ವಿಜ್ಞಾನದ ತರಗತಿಗಳನ್ನು ಗಮನಿಸಿ, 1970ರ ದಶಕದಲ್ಲಿ ಬರೆದದ್ದು ಇದೇ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಿಸುಮಾರು ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಮೂರು ಸೆಕೆಂಡ್ ಅಷ್ಟೆ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ನೋಡಿ, ಎಷ್ಟು ಉದ್ದ ಅನ್ನಿಸುತ್ತದೆ ಅಂತ.

ಗಲಾಟೆಯ ವಿಷಯ. 48 ಮಕ್ಕಳು ಮಾತಾಡಿದರೆ ಸದ್ದು ಇದ್ದೇ ಇರುತ್ತದೆ. ಪಕ್ಕದ ತರಗತಿಯವರಿಗೆ ಹಿಂದಿನ ದಿನವೇ ಹೇಳಿಡಿ, ಅದು ಸೌಜನ್ಯ. ನಿಲ್ಲಿಸಲು ಕಿರುಚಬೇಡಿ. ನೀವು ಕೈ ಎತ್ತಿದರೆ ನೋಡಿದವರು ಮಾತು ನಿಲ್ಲಿಸಿ ತಾವೂ ಕೈ ಎತ್ತಬೇಕು ಅಂತ ಒಪ್ಪಂದ ಮಾಡಿಕೊಳ್ಳಿ. ಶುರುವಿನಲ್ಲಿ ನಿಧಾನ, ಎರಡು ವಾರದಲ್ಲಿ ರೂಢಿಯಾಗುತ್ತದೆ.

ಹಂತ 6: ವರದಿ

ಹನ್ನೆರಡು ಗುಂಪಿನವರೂ ಎದ್ದು ಓದಿದರೆ ಇಪ್ಪತ್ತೈದು ನಿಮಿಷ ಹೋಗುತ್ತದೆ, ನಾಲ್ಕನೇ ಗುಂಪಿನಿಂದಾಚೆಗೆ ಯಾರೂ ಕೇಳುವುದಿಲ್ಲ. ನಿಮ್ಮ ಚೀಟಿ ನೋಡಿ ಮೂರು ಗುಂಪು ಆರಿಸಿ: ಒಪ್ಪಿದ ಒಂದು, ಒಪ್ಪದ ಒಂದು, ಬೇರೆಯವರಿಗೆ ಹೊಳೆಯದ ಷರತ್ತು ಹೇಳಿದ ಒಂದು. ಪ್ರತಿ ಗುಂಪಿಂದ ಒಬ್ಬರನ್ನು ನೀವೇ ಎಬ್ಬಿಸಿ. ಉಳಿದವರಿಗೆ ಒಂದೇ ನಿಯಮ: ಇನ್ನೂ ಬಾರದ ಮಾತಿದ್ದರೆ ಮಾತ್ರ ಕೈ ಎತ್ತಿ.

ಬೋರ್ಡಿನ ಮೇಲೆ ಮಕ್ಕಳ ಮಾತನ್ನೇ ಬರೆಯಿರಿ. "ನೊರೆ ಬಂದ್ರೆ ಯಾರು ಜವಾಬ್ದಾರಿ ಸಾರ್" ಅಂತ ಅವನು ಅಂದದ್ದನ್ನು ನೀವು "ಜಲಮಾಲಿನ್ಯದ ಹೊಣೆಗಾರಿಕೆ" ಅಂತ ಬರೆದರೆ ಅದು ಅವನ ಮಾತಾಗಿ ಉಳಿಯುವುದಿಲ್ಲ. ಪಠ್ಯದ ಪದವನ್ನು ಆಮೇಲೆ ಪಕ್ಕದಲ್ಲಿ ಬರೆಯಿರಿ.

ಹಂತ 7: ಮುಗಿಸುವುದು

ಚರ್ಚೆ ಮುಗಿದ ತಕ್ಷಣ ಬೆಲ್ ಹೊಡೆಯಿತು, ಎಲ್ಲರೂ ಎದ್ದು ಹೋದರು. ಇದು ಆಗಬಾರದು. ಐದು ನಿಮಿಷ ನಿಮಗೆ ಬೇಕು. ಬೋರ್ಡಿನ ಮೇಲಿರುವ ಮಾತುಗಳನ್ನು ಪಾಠಕ್ಕೆ ಜೋಡಿಸಿ, ಸ್ಪಷ್ಟವಾಗಿ ತಪ್ಪಾದ ಸಂಗತಿ ಇದ್ದರೆ ಈಗ ತಿದ್ದಿ. ಅಭಿಪ್ರಾಯಗಳು ಹಲವು ಇರಬಹುದು, ಸಂಗತಿಗಳು ಹಾಗಲ್ಲ. ಮಗು ತಪ್ಪು ಸಂಗತಿಯನ್ನು ಮನೆಗೆ ಒಯ್ಯಲು ಬಿಡಬಾರದು.

ಕೊನೆಯ ನಾಲ್ಕು ನಿಮಿಷ ಮತ್ತೆ ಒಬ್ಬೊಬ್ಬರೇ ಬರೆಯುವುದು. "ಮೊದಲು ಏನು ಬರೆದಿದ್ದೆ, ಈಗ ಏನನ್ನಿಸುತ್ತದೆ, ಯಾರ ಮಾತಿನಿಂದ?" ಮೂರು ಸಾಲು ಸಾಕು. ಆ ಮೂರನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಹಿಂದಿನ ಬೆಂಚಿನ ಒಬ್ಬನ ಹೆಸರು ಐದಾರು ಹಾಳೆಯಲ್ಲಿ ಕಾಣಿಸಿದರೆ ಅದನ್ನು ಅವನಿಗೆ ಹೇಳಿ.

ಲೆಕ್ಕ ಹಾಕಿ ನೋಡಿ: ಶುರುವಿಗೆ 5, ಬರೆಯಲು 3, ಇಬ್ಬರ ಮಾತಿಗೆ 3, ನಾಲ್ವರಿಗೆ 10, ವರದಿಗೆ 10, ನಿಮಗೆ 5, ಕೊನೆಯ ಬರಹಕ್ಕೆ 4. ಸರಿಯಾಗಿ 40.

ಎರಡು ಪಿರಿಯಡ್ ಸಿಕ್ಕರೆ: ನಾಲ್ಕು ಹಾಳೆಯ ವಿಧಾನ

ಎಲಿಯಟ್ ಆರನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಜಿಗ್‌ಸಾ ಅನ್ನುವ ವಿಧಾನ ರೂಪಿಸಿದರು. ಅಲ್ಲಿನ ಶಾಲೆಗಳಲ್ಲಿ ಆಗಷ್ಟೇ ಬಿಳಿಯರ, ಕಪ್ಪು ಜನರ, ಮೆಕ್ಸಿಕನ್ ಮೂಲದವರ ಮಕ್ಕಳನ್ನು ಒಟ್ಟಿಗೆ ಕೂರಿಸಲು ಶುರು ಮಾಡಿದ್ದರು, ಹೊಡೆದಾಟಗಳಾಗುತ್ತಿದ್ದವು. ಅವರು ಮಾಡಿದ್ದು ಇಷ್ಟು: ಪಾಠವನ್ನು ಭಾಗ ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ ಮಾತ್ರ ಕೊಟ್ಟರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗದು. ನಮ್ಮ ಊರುಗಳಿಗೂ ಇದು ಎಷ್ಟು ಹೊಂದುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಂತ 1ರಲ್ಲಿ ಹೇಳಿದ ಬೆಂಗಳೂರಿನ ಕೊಳಚೆ ನೀರಿನ ಯೋಜನೆಗೆ ಕೆ.ಸಿ. ವ್ಯಾಲಿ ಅಂತ ಹೆಸರು. ಅದರ ಚರ್ಚೆಗೆ ನಾಲ್ಕು ಹಾಳೆ ಹೀಗೆ ಮಾಡಬಹುದು. ಮೊದಲ ಹಾಳೆ ಕೋಲಾರದ ನೀರಿನ ಸ್ಥಿತಿಯದ್ದು: ವರ್ಷವಿಡೀ ಹರಿಯುವ ನದಿ ಇಲ್ಲ, ಯೋಜನೆಗೆ ಮುಂಚೆ ಕೆರೆಗಳು ಒಣಗಿದ್ದವು, ಬೋರ್‌ಗಳು ಆಳಕ್ಕೆ ಹೋಗಿವೆ, ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಎರಡನೆಯದು ಯೋಜನೆ ಏನು ಅಂತ: ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತಂದು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯುತ್ತದೆ. 2018ರಲ್ಲಿ ಶುರುವಾಯಿತು. ಉದ್ದೇಶ ಅಂತರ್ಜಲ ತುಂಬಿಸುವುದು, ನೇರ ಕುಡಿಯುವುದಕ್ಕಲ್ಲ. ಮೂರನೆಯದು ಆತಂಕಗಳದ್ದು: ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಣ ಆಗುತ್ತದೆ, ಮೂರನೇ ಹಂತವೂ ಬೇಕು ಅನ್ನುವ ಬೇಡಿಕೆ, 2018ರಲ್ಲೇ ಲಕ್ಷ್ಮೀಸಾಗರದಲ್ಲಿ ಕಾಣಿಸಿಕೊಂಡ ನೊರೆ. ನಾಲ್ಕನೆಯದು ರೈತರ ಕಡೆಯದ್ದು: ನೀರು ಬಂದ ಕೆರೆಗಳ ಆಸುಪಾಸಿನ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದು, ಟೊಮೆಟೊ, ರೇಷ್ಮೆ, ಹಸು ಸಾಕಣೆಗೆ ಅದರಿಂದ ಏನಾಯಿತು ಅನ್ನುವುದು. ಮಕ್ಕಳು ಮನೆಯಿಂದ ತಂದ ಅಡಿ, ಇಂಚಿನ ಲೆಕ್ಕವೂ ಇಲ್ಲಿಗೇ ಸೇರಲಿ.

ನಡೆಸುವ ಬಗೆ: 48 ಮಕ್ಕಳು, 12 ಗುಂಪು (ಇವನ್ನು ಮನೆ ಗುಂಪು ಅನ್ನೋಣ), ಪ್ರತಿ ಗುಂಪಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಹಾಳೆ. ಮೊದಲ ಪಿರಿಯಡ್‌ನಲ್ಲಿ ಒಂದೇ ಹಾಳೆಯವರು ಒಟ್ಟಿಗೆ ಕೂತು ಓದುತ್ತಾರೆ. ಒಂದು ಹಾಳೆಗೆ 12 ಜನ ಆಗುತ್ತಾರೆ, ಅಷ್ಟು ಜನ ಒಟ್ಟಿಗೆ ಬೇಡ, ನಾಲ್ಕು ನಾಲ್ಕು ಜನರ ಮೂರು ಗುಂಪು ಮಾಡಿ. ಅವರಿಗೆ ಕೆಲಸ ಒಂದೇ: "ಮನೆ ಗುಂಪಿಗೆ ಹೋಗಿ ಮೂರು ನಿಮಿಷದಲ್ಲಿ ಹೇಳಲು ಮೂರು ಮುಖ್ಯ ಸಂಗತಿ ಆರಿಸಿ." ಓದಲು ಕಷ್ಟಪಡುವ ಮಗುವಿಗೆ ಈ ಹೊತ್ತು ದೊಡ್ಡ ಆಸರೆ, ಏನು ಹೇಳಬೇಕು ಅಂತ ಅದೇ ಹಾಳೆಯ ಇನ್ನೂ ಮೂವರ ಜೊತೆ ಸೇರಿ ತಯಾರಾಗುತ್ತದೆ. ಎರಡನೆಯ ಪಿರಿಯಡ್‌ನಲ್ಲಿ ಎಲ್ಲರೂ ಮನೆ ಗುಂಪಿಗೆ ಮರಳಿ, ಒಬ್ಬೊಬ್ಬರೂ ತಮ್ಮ ಹಾಳೆ ಹೇಳಿ, ಆಮೇಲೆ ನಾಲ್ವರೂ ಸೇರಿ ಪಂಚಾಯಿತಿಯ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಆ ದಿನ ಯಾರಾದರೂ ಗೈರಾದರೆ ಅವರ ಹಾಳೆಯ ಇನ್ನೊಬ್ಬರನ್ನು ಆ ಗುಂಪಿಗೆ ಐದು ನಿಮಿಷ ಕಳಿಸಿ.

ಮೊದಲ ಸಲವೇ ಇದಕ್ಕೆ ಕೈ ಹಾಕಬೇಡಿ. ಒಂದು ಪಿರಿಯಡ್‌ನ ಚರ್ಚೆ ನಾಲ್ಕೈದು ಸಲ ಆದ ಮೇಲೆ ಇದು ಸಲೀಸು.

ವಿಜ್ಞಾನ, ಗಣಿತದಲ್ಲಿ

"ನಮ್ಮ ಸಬ್ಜೆಕ್ಟ್‌ಗೆ ಚರ್ಚೆ ಎಲ್ಲಿ?" ಅನ್ನುವ ವಿಜ್ಞಾನದ ಶಿಕ್ಷಕರಿಗೆ ಬೇರೆ ದಾರಿ ಇದೆ, ಹತ್ತೇ ನಿಮಿಷದ್ದು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ಶುರು ಮಾಡಿದ್ದು ಇದು.

ಲೋಟದ ತುಂಬ ನೀರಿದೆ, ಮೇಲೆ ಐಸ್ ತುಂಡು ತೇಲುತ್ತಿದೆ. ಐಸ್ ಪೂರ್ತಿ ಕರಗಿದ ಮೇಲೆ ನೀರಿನ ಮಟ್ಟ ಏನಾಗುತ್ತದೆ? ಒಂದು, ಏರಿ ಚೆಲ್ಲುತ್ತದೆ. ಎರಡು, ಇಳಿಯುತ್ತದೆ. ಮೂರು, ಅಷ್ಟೇ ಇರುತ್ತದೆ. ಒಂದು ನಿಮಿಷ ಯೋಚಿಸಲು ಬಿಟ್ಟು, ಎಲ್ಲರೂ ಕಣ್ಣು ಮುಚ್ಚಿ ಎದೆಯ ಹತ್ತಿರ ಬೆರಳು ತೋರಿಸಲಿ. ಕಣ್ಣು ಮುಚ್ಚುವುದು ಯಾಕೆಂದರೆ ಫಸ್ಟ್ ರ‍್ಯಾಂಕ್ ಹುಡುಗ ಎಷ್ಟು ಬೆರಳು ತೋರಿಸಿದ ಅಂತ ನೋಡದಿರಲಿ ಅಂತ. ಸರಿ ಉತ್ತರದವರು ನೂರಕ್ಕೆ 30ರಿಂದ 70ರಷ್ಟು ಇದ್ದರೆ ಚರ್ಚೆಗೆ ಇದು ಸರಿಯಾದ ಪ್ರಶ್ನೆ. ಅದಕ್ಕಿಂತ ಕಡಿಮೆ ಇದ್ದರೆ ಮತ್ತೆ ಪಾಠ ಮಾಡಿ, ಜಾಸ್ತಿ ಇದ್ದರೆ ಎರಡು ಮಾತು ಹೇಳಿ ಮುಂದೆ ಹೋಗಿ. ಈಗ "ನಿಮಗಿಂತ ಬೇರೆ ಬೆರಳು ತೋರಿಸಿದವರನ್ನು ಹುಡುಕಿ ಒಪ್ಪಿಸಿ" ಅನ್ನಿ. ಮೂರು ನಿಮಿಷದ ನಂತರ ಮತ್ತೆ ಬೆರಳು.

ಆಮೇಲೆ ಲೋಟದಲ್ಲೇ ತೋರಿಸಿ. ಮಟ್ಟ ಅಷ್ಟೇ ಇರುತ್ತದೆ, ಯಾಕೆಂದರೆ ತೇಲುವ ಐಸ್ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ, ಕರಗಿದಾಗ ಅಷ್ಟೇ ನೀರಾಗುತ್ತದೆ. ಆಗ ಯಾವನೋ ಒಬ್ಬ "ಹಂಗಾದ್ರೆ ಐಸ್ ಕರಗಿ ಸಮುದ್ರ ಏರುತ್ತೆ ಅಂತಾರಲ್ಲ ಸಾರ್?" ಅಂತ ಕೇಳುತ್ತಾನೆ. ಅದು ನೆಲದ ಮೇಲಿರುವ ಐಸ್‌ನ ಕಥೆ, ಮುಂದಿನ ಚರ್ಚೆಗೆ ಪ್ರಶ್ನೆ ಸಿಕ್ಕಿತು.

ಗಣಿತದಲ್ಲಿ: ಒಂದು ಬಾಕ್ಸ್ ಟೊಮೆಟೊಗೆ 500 ರೂಪಾಯಿ. ಸೋಮವಾರ ಶೇ. 20 ಏರಿತು, ಮಂಗಳವಾರ ಶೇ. 20 ಇಳಿಯಿತು. ಈಗ ಬೆಲೆ ಎಷ್ಟು? ಅರ್ಧ ತರಗತಿ 500 ಅನ್ನುತ್ತದೆ. 600ಕ್ಕೆ ಏರಿ 480ಕ್ಕೆ ಇಳಿದದ್ದು ಯಾಕೆ ಅಂತ ನೀವು ಹೇಳುವುದಕ್ಕಿಂತ, ಮಂಡಿಗೆ ಅಪ್ಪನ ಜೊತೆ ಹೋಗುವ ಹುಡುಗ ಹೇಳಿದರೆ ಚೆನ್ನಾಗಿ ತಲುಪುತ್ತದೆ.

ಮಾತಾಡದವರು, ಬಿಡದೆ ಮಾತಾಡುವವರು, ಮನೆಯ ಭಾಷೆ

ಮಾತಾಡದ ಮಗುವನ್ನು ಎಬ್ಬಿಸಿ ನಿಲ್ಲಿಸಿ "ಹೇಳು" ಅನ್ನಬೇಡಿ. ಅವಳು ಬರೆದದ್ದನ್ನು ನೀವು ಓಡಾಡುವಾಗ ಓದಿ, "ಇದು ಚೆನ್ನಾಗಿದೆ, ಆಮೇಲೆ ಇದನ್ನೇ ಓದುತ್ತೀಯಾ?" ಅಂತ ಮೆಲ್ಲಗೆ ಕೇಳಿ. ಓದುವುದಕ್ಕೆ ಹೆಚ್ಚು ಧೈರ್ಯ ಬೇಡ. ಹುಡುಗ ಹುಡುಗಿ ಸೇರಿದ ಗುಂಪಲ್ಲಿ ಹುಡುಗಿಯರು ಬರೆಯುವ ಕೆಲಸಕ್ಕೇ ನಿಂತುಬಿಡುತ್ತಾರೆ, ಆದ್ದರಿಂದ ಕೆಲಸಗಳನ್ನು ಪ್ರತಿ ಸಲ ಬದಲಿಸಿ.

ಬಿಡದೆ ಮಾತಾಡುವವನನ್ನು ಬೈಯಬೇಡಿ, ಅವನಿಗೆ "ಯಾಕೆ?" ಕೇಳುವ ಕೆಲಸ ಕೊಡಿ. ಇನ್ನೊಂದು ಉಪಾಯ, ಪ್ರತಿಯೊಬ್ಬರ ಮುಂದೆ ಮೂರು ಹುಣಸೆ ಬೀಜ. ಒಂದು ಸಲ ಮಾತಾಡಿದರೆ ಒಂದನ್ನು ನಡುವೆ ಇಡಬೇಕು. ಮೂರೂ ಮುಗಿದವರು ಉಳಿದವರದ್ದು ಮುಗಿಯುವವರೆಗೆ ಕೇಳಬೇಕು.

ಭಾಷೆಯ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾವು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆಲವರದ್ದು ಉರ್ದು, ತಮಿಳು. ಬೀದರ್ ಕಡೆ ಮರಾಠಿ ಇರುತ್ತದೆ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಮಾತಾಡುವ ಮಕ್ಕಳಿಗೂ ಪುಸ್ತಕದ ಕನ್ನಡ ದೂರವೇ. ಇಬ್ಬರ ಮಾತು, ನಾಲ್ವರ ಮಾತು ಯಾವ ಭಾಷೆಯಲ್ಲಾದರೂ ನಡೆಯಲಿ. ಯೋಚನೆ ಮೊದಲು ಹುಟ್ಟಲಿ. ವರದಿ ಮಾಡುವಾಗ ಕನ್ನಡದಲ್ಲಿ ಹೇಳಲಿ, ಗುಂಪು ಸೇರಿ ಕನ್ನಡಕ್ಕೆ ತರಲಿ, ಇಂಗ್ಲಿಷ್ ಮಾಧ್ಯಮದವರಾದರೆ ಇಂಗ್ಲಿಷಿಗೆ. "ಕನ್ನಡದಲ್ಲಿ ಮಾತಾಡಿದರೆ ದಂಡ" ಅನ್ನುವ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ನಡೆಯುವುದು ಚರ್ಚೆಯಲ್ಲ, ಬಾಯಿಪಾಠ ಒಪ್ಪಿಸುವುದು.

ಜಾತಿ, ಧರ್ಮ, ಚುನಾವಣೆಯ ವಿಷಯ ಬರಬಹುದು. ಮೊದಲ ದಿನವೇ ಎರಡು ನಿಯಮ ಬರೆದು ಅಂಟಿಸಿ: ಮಾತನ್ನು ಒಪ್ಪದಿರಬಹುದು, ಮನುಷ್ಯರನ್ನು ಹಂಗಿಸುವಂತಿಲ್ಲ. ಯಾರ ಮನೆಯ ವಿಷಯವನ್ನೂ ಅವರೇ ಹೇಳದೆ ಬೇರೆಯವರು ಎತ್ತುವಂತಿಲ್ಲ. ಯಾರಾದರೂ ದಾಟಿದರೆ ಆ ಕ್ಷಣದಲ್ಲೇ ನಿಲ್ಲಿಸಿ. ಇಲ್ಲಿ ಮಾತ್ರ ಮೂರು ಸೆಕೆಂಡ್ ಕಾಯಬೇಡಿ.

ಅಂಕ, ಪೋರ್ಷನ್, ಮರುದಿನ

ಯಾರು ಎಷ್ಟು ಸಲ ಮಾತಾಡಿದರು ಅಂತ ಎಣಿಸಿ ಅಂಕ ಕೊಡಬೇಡಿ, ಎಲ್ಲರೂ ಅಂಕಕ್ಕಾಗಿ ಕೂಗುತ್ತಾರೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ದಾಖಲೆ ಬೇಕು ಅಂತಾದರೆ ಆ ಕೊನೆಯ ಮೂರು ಸಾಲಿನ ಹಾಳೆ ಇದೆಯಲ್ಲ, ಅದನ್ನು ಇಡಿ. ಕಾರಣ ಕೊಟ್ಟಿದ್ದಾರಾ, ಹಾಳೆಯ ಅಥವಾ ಪಾಠದ ಒಂದು ಸಂಗತಿ ಬಳಸಿದ್ದಾರಾ, ಬೇರೆಯವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರಾ, ಈ ಮೂರನ್ನು ನೋಡಿ ಅಂಕ ಕೊಡಬಹುದು. ತಪಾಸಣೆಗೆ ಬಂದವರಿಗೂ ತೋರಿಸಲು ಆಗುತ್ತದೆ.

"ಪೋರ್ಷನ್ ಮುಗಿಯಲ್ಲ" ಅನ್ನುವುದು ನಿಜವಾದ ಕಷ್ಟ, ಅದರಲ್ಲೂ ಹತ್ತನೇ ತರಗತಿಯಲ್ಲಿ. ಅದಕ್ಕೇ ಅಧ್ಯಾಯಕ್ಕೆ ಒಂದೇ ಸಾಕು ಅಂದದ್ದು. ಎಂಟು, ಒಂಬತ್ತರಲ್ಲಿ ರೂಢಿ ಮಾಡಿಸಿ, ಹತ್ತಕ್ಕೆ ಬಂದಾಗ ಹತ್ತು ನಿಮಿಷದ ಬೆರಳಿನ ವಿಧಾನವನ್ನೇ ಹೆಚ್ಚು ಬಳಸಿ. "ಕಾರಣ ಕೊಡಿ", "ಸಮರ್ಥಿಸಿ" ಅನ್ನುವ ಪ್ರಶ್ನೆಗಳಿಗೆ ಉತ್ತರ ಬರೆಯಲು ಈ ರೂಢಿ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಮುಖ್ಯ ಶಿಕ್ಷಕರಿಗೆ ಹೇಳುವಾಗ ಇದನ್ನೇ ಹೇಳಿ.

ಸಂಜೆ ಹಾಳೆಗಳನ್ನು ಮನೆಗೆ ಒಯ್ದು ಓದಿ. ಎಲ್ಲವನ್ನೂ ತಿದ್ದಬೇಕಾಗಿಲ್ಲ. ಎರಡು ಗುಡ್ಡೆ ಮಾಡಿ: ಅರ್ಥವಾಗಿದೆ, ಇನ್ನೂ ಗೊಂದಲ ಇದೆ. ಗೊಂದಲದ ಗುಡ್ಡೆಯಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತನ್ನು ಆರಿಸಿ, ಬರೆದವರ ಹೆಸರು ಹೇಳದೆ, ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದು "ಇದು ಸರಿಯಾ?" ಅಂತ ಕೇಳಿ. ಕೇಳಿದ ಮೇಲೆ ಎಲ್ಲರಿಗೂ ಬರೆಯಲು ಮೂರು ನಿಮಿಷ ಕೊಡಿ.